ಮಿಕು ಆಟದಲ್ಲಿ ಅಂದಾಜಿಗೆ ಜಾಗವಿಲ್ಲ

ಇವತ್ತಿನ ಸಂಚಿಕೆ ಒಂದು ಗೇಮ್ ಬಗ್ಗೆ. ಇದರಲ್ಲಿ ಗುಂಡು ಹಾರಲ್ಲ, ಕಾರು ಓಡಲ್ಲ. ಬರೀ ಚೌಕಗಳು, ಅಂಕಿಗಳು, ಜೊತೆಗೆ ಹಸಿರು-ನೀಲಿ ಕೂದಲಿನ, ಎರಡು ಉದ್ದ ಜುಟ್ಟಿನ ಒಬ್ಬ ಹುಡುಗಿ. ಹೆಸರು 'ಹತ್ಸುನೆ ಮಿಕು ಲಾಜಿಕ್ ಪೇಂಟ್ ಎಸ್'. 2021ರಲ್ಲಿ ನಿಂಟೆಂಡೊ ಸ್ವಿಚ್‌ಗೆ ಬಂತು. ನಾನು ಆಡಿದ್ದು ಗೆಳೆಯನ ಸ್ವಿಚ್‌ನಲ್ಲಿ.

ಮೊದಲು ಮಿಕು ಯಾರು? ಅವಳು ಪಾಪ್ ಗಾಯಕಿ, ಆದರೆ ಮನುಷ್ಯಳಲ್ಲ. ಜಪಾನಿನ ಸಪ್ಪೊರೊ ನಗರದ ಕ್ರಿಪ್ಟನ್ ಫ್ಯೂಚರ್ ಮೀಡಿಯಾ ಕಂಪನಿ 2007ರ ಆಗಸ್ಟ್ 31ರಂದು ಬಿಡುಗಡೆ ಮಾಡಿದ ಸಾಫ್ಟ್‌ವೇರ್ ಅವಳು. ಯಮಾಹಾದ ವೋಕಲಾಯ್ಡ್ ತಂತ್ರಜ್ಞಾನ, ಸಾಕಿ ಫುಜಿತಾ ಅನ್ನೋ ಕಂಠದಾನ ಕಲಾವಿದೆಯ ದನಿಯ ಚಿಕ್ಕ ಚಿಕ್ಕ ತುಣುಕುಗಳು. ನೀವು ರಾಗ, ಸಾಹಿತ್ಯ ಕೊಟ್ಟರೆ ಆ ತುಣುಕುಗಳು ಸೇರಿ ಹಾಡಾಗುತ್ತೆ.

ಗೇಮ್‌ನಲ್ಲೂ ಅಷ್ಟೇ, ಚೌಕಗಳು ಸೇರಿ ಚಿತ್ರ ಆಗುತ್ತೆ. ಈ ಬಗೆಯ ಒಗಟಿಗೆ ನೊನೊಗ್ರಾಮ್ ಅಂತಾರೆ. 1987ರಲ್ಲಿ ನೊನ್ ಇಶಿದಾ ಅನ್ನೋ ಜಪಾನಿ ಕಲಾವಿದೆ, ಟೋಕಿಯೊದ ಎತ್ತರದ ಕಟ್ಟಡಗಳ ಕಿಟಕಿ ದೀಪ ಹಚ್ಚಿ-ಆರಿಸಿ ಚಿತ್ರ ಮಾಡೋ ಸ್ಪರ್ಧೆಯಲ್ಲಿ ಗೆದ್ದರು. ಅಲ್ಲಿಂದ ಒಗಟು ಹೊಳೆಯಿತು, ಹೆಸರೂ ಅವರದ್ದೇ. ತೆತ್ಸುಯಾ ನಿಶಿಯೋ ಅನ್ನೋರು ಸರಿಸುಮಾರು ಅದೇ ಹೊತ್ತಿಗೆ ತಾವೇ ಬೇರೆಯಾಗಿ ಇದನ್ನ ಕಂಡುಹಿಡಿದಿದ್ದರು. 1990ರಲ್ಲಿ ಬ್ರಿಟನ್ನಿನ ಸಂಡೇ ಟೆಲಿಗ್ರಾಫ್ ಪತ್ರಿಕೆಗೆ ಬಂತು, 1995ರಲ್ಲಿ 'ಮಾರಿಯೋಸ್ ಪಿಕ್ರಾಸ್' ಆಗಿ ಗೇಮ್ ಬಾಯ್‌ಗೆ.

ಆಡೋದು ಹೇಗೆ? ಪ್ರತಿ ಸಾಲಿನ ಪಕ್ಕ, ಪ್ರತಿ ಕಂಬದ ಮೇಲೆ ಅಂಕಿ ಇರುತ್ತೆ. 10 ಚೌಕದ ಸಾಲಿನ ಪಕ್ಕ 8 ಇದ್ದರೆ, ಬಿಡುವಿಲ್ಲದೆ 8 ಚೌಕ ತುಂಬಬೇಕು. ಎಡ ತುದಿಯಿಂದ ಶುರು ಮಾಡಿ, ಬಲ ತುದಿಗೆ ಸರಿಸಿ, 3ರಿಂದ 8ನೇ ಚೌಕದವರೆಗೆ ಹೇಗಿದ್ದರೂ ತುಂಬಲೇಬೇಕು. ಆ 6 ಚೌಕ ಖಾತ್ರಿ. ಉಳಿದದ್ದನ್ನ ಕಂಬಗಳು ಹೇಳುತ್ತವೆ. ಖಾಲಿ ಅಂತ ಗೊತ್ತಾದ ಕಡೆ ಎಕ್ಸ್ ಗುರುತು ಹಾಕಬೇಕು. ಹೊಸಬರು ಇದನ್ನೇ ಬಿಟ್ಟುಬಿಡ್ತಾರೆ. ಆದರೆ 'ಇಲ್ಲಿ ಇಲ್ಲ' ಅನ್ನೋದೂ ಮಾಹಿತಿಯೇ.

ಕಾಮರ್ಸ್ ಓದಿದ ನನಗೆ ಖುಷಿ ಕೊಟ್ಟಿದ್ದು ಇನ್ನೊಂದು. ಸಾಲುಗಳ ಅಂಕಿ ಎಲ್ಲ ಕೂಡಿ, ಕಂಬಗಳ ಅಂಕಿ ಎಲ್ಲ ಕೂಡಿ. ಎರಡೂ ಒಂದೇ ಬರುತ್ತೆ, ಯಾಕಂದ್ರೆ ಎಣಿಸ್ತಿರೋದು ಅವೇ ಚೌಕಗಳನ್ನ. ಡೆಬಿಟ್-ಕ್ರೆಡಿಟ್ ಥರ! ಅಂದಾಜಿನಲ್ಲಿ ಒಂದು ಚೌಕ ತುಂಬಿ ನೋಡಿ. ಆ ಸಾಲಿನಲ್ಲಿ ಏನೂ ತೊಂದರೆ ಕಾಣಲ್ಲ. ಹತ್ತು ನಿಮಿಷ ಆದಮೇಲೆ ಎಲ್ಲೋ ಬೇರೆ ಮೂಲೆಯಲ್ಲಿ ಸಿಕ್ಕಿಹಾಕಿಕೊಳ್ತೀರಿ.

ಇದು ನನಗೆ ಗೇಮ್‌ಗಿಂತ ಮೊದಲೇ ಆಗಿದೆ. ಬಿ.ಕಾಂ. ಮುಗಿಸಿ ಒಂದು ಚಿಕ್ಕ ಅಕೌಂಟ್ಸ್ ಆಫೀಸು ಸೇರಿದ್ದೆ. ಒಂದು ರಾತ್ರಿ ಬ್ಯಾಂಕ್ ಲೆಕ್ಕದಲ್ಲಿ 2,700 ರೂಪಾಯಿ ವ್ಯತ್ಯಾಸ. ಕೊನೆ ಬಸ್ಸಿಗೆ ಹೊತ್ತಾಗಿತ್ತು. 'ಇತರೆ ಖರ್ಚು' ಅಂತ ತೋರಿಸಿ ಹೊಂದಿಸಿಬಿಟ್ಟೆ. ನಿಜವಾಗಿ, ಒಬ್ಬ ಸಪ್ಲೈಯರ್‌ಗೆ ಕೊಟ್ಟ 6,300 ಅನ್ನ ನಾನೇ 3,600 ಅಂತ ಹಾಕಿದ್ದೆ. ನಮ್ಮ ಪುಸ್ತಕದಲ್ಲಿ ಆತನಿಗೆ ಬಾಕಿ ಕಾಣ್ತಿತ್ತು. ಮೂರು ತಿಂಗಳ ನಂತರ ಕ್ಲೈಂಟ್ ಅದನ್ನ ಮತ್ತೆ ಕೊಟ್ಟರು. ವಿಷಯ ಹೊರಬಿದ್ದಾಗ ಬೈಸಿಕೊಂಡಿದ್ದು ನಾನಲ್ಲ, ಲೆಕ್ಕ ಚೆಕ್ ಮಾಡಿ ಸಹಿ ಹಾಕಿದ್ದ ಸೀನಿಯರ್ ಅಕ್ಕ. ಎಂಟ್ರಿ ಹಾಕಿದ್ದು ಯಾರು ಅಂತ ಯಾರೂ ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಗೇಮ್‌ನಲ್ಲಿ ತಪ್ಪಿದರೆ ಅಳಿಸಿ ಮತ್ತೆ ಶುರು ಮಾಡಬಹುದು. ತಪ್ಪಿದ್ದು ಎಲ್ಲಿ ಅಂತ ಹುಡುಕಿಕೊಂಡು ಹಿಂದೆ ಹೋಗಬೇಕು, ಅಷ್ಟೇ. ಹಾಗಾಗಿ ನೀವು ಆಡೋದಾದ್ರೆ 5x5 ಚೌಕದಿಂದ ಶುರು ಮಾಡಿ, ದೊಡ್ಡ ಅಂಕಿ ಮೊದಲು ಹಿಡೀರಿ, ಎಕ್ಸ್ ಹಾಕೋದು ಮರೀಬೇಡಿ, ಖಾತ್ರಿ ಇಲ್ಲದ ಚೌಕ ಮುಟ್ಟಬೇಡಿ.

ಅಕ್ಕನ ನಂಬರ್ ನನ್ನ ಫೋನ್‌ನಲ್ಲಿ ಈಗಲೂ ಇದೆ. ಈ ಸಂಚಿಕೆಯ ಲಿಂಕ್ ಮೊದಲು ಅವರಿಗೇ ಕಳಿಸ್ತೀನಿ.