ಸಂದೇಶ ಹೋಯಿತು, ಮುಟ್ಟಿತೆ?

ಕೆಲವು ವರ್ಷಗಳ ಹಿಂದಿನ ಮಾತು. ಆಷಾಢದ ಮಳೆ. ಹೊಸನಗರ ತಾಲ್ಲೂಕಿನಲ್ಲಿ ನಾನಾಗ ಪಾಠ ಮಾಡುತ್ತಿದ್ದ ಶಾಲೆಯ ಹೆಂಚಿನ ಮೇಲೆ ಮೂರು ದಿನಗಳಿಂದ ಒಂದೇ ಸಮನೆ ಸುರಿಯುತ್ತಿತ್ತು. ಬೆಳಿಗ್ಗೆ ಏಳು ಗಂಟೆಯ ಹೊತ್ತಿಗೆ ಮೊಬೈಲ್‌ಗೆ ಸುದ್ದಿ ಬಂತು: ಮಳೆಯ ಕಾರಣ ಇಂದು ತಾಲ್ಲೂಕಿನ ಶಾಲೆಗಳಿಗೆ ರಜೆ. ಕಾಫಿ ಲೋಟ ಕೆಳಗಿಡುವ ಮೊದಲೇ ಅದನ್ನು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಕಳಿಸಿದೆ. ಕೈಮುಗಿದ ಚಿತ್ರಗಳೂ ಹೆಬ್ಬೆರಳಿನ ಚಿತ್ರಗಳೂ ಒಂದರ ಹಿಂದೊಂದು ಬಂದವು. ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಒಂಬತ್ತೂವರೆಗೆ ಯಾವುದೋ ದಾಖಲೆ ಪುಸ್ತಕ ತರಲೆಂದು ಶಾಲೆಗೆ ಹೋದರೆ, ಬೀಗ ಹಾಕಿದ ಬಾಗಿಲ ಮುಂದೆ ಎಂಟನೇ ತರಗತಿಯ ಹುಡುಗಿ ಮತ್ತು ಆರನೇ ತರಗತಿಯಲ್ಲಿದ್ದ ಅವಳ ತಮ್ಮ ನಿಂತಿದ್ದಾರೆ. ತಲೆಯಿಂದ ಕಾಲಿನವರೆಗೆ ತೊಯ್ದಿದ್ದರು. ಅವರ ಮನೆ ನಾಲ್ಕು ಕಿಲೋಮೀಟರ್ ಆಚೆ, ನಡುವೆ ಒಂದು ಹಳ್ಳ, ಹಳ್ಳಕ್ಕೆ ಅಡಿಕೆ ಮರದ ಕಾಲುಸಂಕ. "ನೀರು ಸಂಕ ಮುಟ್ಟಿತ್ತು ಸಾರ್. ತಮ್ಮನ ಕೈ ಹಿಡ್ಕೊಂಡು ದಾಟ್ಸಿದೆ" ಎಂದಳು. ಯಾವುದೋ ಸಾಮಾನ್ಯ ಸಂಗತಿ ಹೇಳುವ ಧಾಟಿಯಲ್ಲಿ.

ಅವರ ತಂದೆಯ ಹೆಸರು ನಮ್ಮ ಗುಂಪಿನಲ್ಲಿ ಇತ್ತು. ಸಂಜೆ ಅವರೇ ಬಂದರು. "ಫೋನಿದೆ ಮೇಷ್ಟ್ರೇ, ಮನೇಲಿ ಸಿಗ್ನಲ್ ಇಲ್ಲ. ಗುಡ್ಡ ಹತ್ತಿದಾಗ ಎಲ್ಲ ಒಟ್ಟಿಗೆ ಬರ್ತದೆ." ನನ್ನ ಸಂದೇಶ ಅವರ ಫೋನಿಗೆ ತಲುಪಿದ್ದು ಮಧ್ಯಾಹ್ನ.

ಇಪ್ಪತ್ತು ಗೆರೆಯ ಕಾಗದಕ್ಕಿಂತ ಎರಡು ಗೆರೆಯ ಸಂದೇಶವೇ ಇಂದು ನಮ್ಮ ಪೇಟೆ ಧಾರಣೆ, ರಜೆ, ಸಾವು, ಮದುವೆ, ಮಳೆ ಎಲ್ಲವನ್ನೂ ಹೊತ್ತು ತಿರುಗುತ್ತಿದೆ. ಮಕ್ಕಳು ಅದನ್ನು ನಮಗಿಂತ ಚೆನ್ನಾಗಿ ಬಳಸುತ್ತಾರೆ. ಆದರೆ ಆ ಎರಡು ಗೆರೆಯಲ್ಲಿ ಏನು ಇರಬೇಕು, ಏನು ಬಿಟ್ಟುಹೋಗಿದೆ, ಅದು ಯಾರಿಗೆ ಮುಟ್ಟಲಿಲ್ಲ ಎಂಬ ಲೆಕ್ಕ ಅವರಿಗೂ ಬಂದಿಲ್ಲ, ನಮಗೂ ಬಂದಿಲ್ಲ.

ದುಡ್ಡು ಕೊಟ್ಟು ಕಳಿಸಿದ ಮಾತು

ನಮ್ಮ ಕಾಲದಲ್ಲಿ ಚುಟುಕು ಸಂದೇಶವೆಂದರೆ ತಂತಿ. ಅಂಚೆಯವನು ತಂತಿ ತಂದನೆಂದರೆ ಓದುವ ಮೊದಲೇ ಮನೆಯ ಹೆಂಗಸರು ಅಳಲು ಶುರು ಮಾಡುತ್ತಿದ್ದರು. ಪದದ ಲೆಕ್ಕದಲ್ಲಿ ದುಡ್ಡು ತೆರಬೇಕಾಗಿದ್ದರಿಂದ ಕಳಿಸುವವನು ಫಾರಂ ಹಿಡಿದು ಪೆನ್ಸಿಲ್ಲಿನಲ್ಲಿ ಬರೆದು, ಹೊಡೆದು, ಮತ್ತೆ ಬರೆಯುತ್ತಿದ್ದ. ಯಾರು, ಎಲ್ಲಿ, ಯಾವಾಗ ಎಂಬ ಮೂರನ್ನು ಬಿಟ್ಟು ಉಳಿದದ್ದೆಲ್ಲ ಹೋಗುತ್ತಿತ್ತು. ಮದುವೆ, ಹಬ್ಬದ ಶುಭಾಶಯಗಳಿಗಂತೂ ಇಲಾಖೆಯೇ ಸಿದ್ಧ ವಾಕ್ಯಗಳಿಗೆ ಸಂಖ್ಯೆ ಕೊಟ್ಟಿತ್ತು; ಸಂಖ್ಯೆ ಬರೆದರೆ ಸಾಕು. 2013ರ ಜುಲೈ ಮಧ್ಯದಲ್ಲಿ ನಮ್ಮ ದೇಶದಲ್ಲಿ ತಂತಿ ಸೇವೆ ನಿಂತುಹೋಯಿತು.

ಅಷ್ಟು ಹೊತ್ತಿಗೆ ಎಸ್ಸೆಮ್ಮೆಸ್ ಬಂದು ಹಳೆಯದಾಗಿತ್ತು. 1985ರ ಸುಮಾರಿಗೆ ಜರ್ಮನಿಯ ಬಾನ್ ನಗರದ ಎಂಜಿನಿಯರ್ ಫ್ರೀಡ್‌ಹೆಲ್ಮ್ ಹಿಲೆಬ್ರಾಂಡ್ ಮನೆಯಲ್ಲಿ ಕುಳಿತು ತೋಚಿದ ವಾಕ್ಯಗಳನ್ನೆಲ್ಲ ಟೈಪ್ ಮಾಡಿ, ಒಂದೊಂದರಲ್ಲೂ ಎಷ್ಟು ಅಕ್ಷರವಿದೆ ಎಂದು ಎಣಿಸಿದರಂತೆ. ಹೆಚ್ಚಿನವು 160ರ ಒಳಗೇ ಇದ್ದವು. 1992ರ ಡಿಸೆಂಬರ್ 3ರಂದು ಇಂಗ್ಲೆಂಡಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ತರುಣ ಎಂಜಿನಿಯರ್ ಕ್ರಿಸ್‌ಮಸ್ ಶುಭಾಶಯ ಕಳಿಸಿದ್ದೇ ಮೊದಲ ಎಸ್ಸೆಮ್ಮೆಸ್. 2006ರಲ್ಲಿ ಬಂದ ಟ್ವಿಟರ್ ಇದೇ 160ರಲ್ಲಿ ಬಳಕೆದಾರನ ಹೆಸರಿಗೆ 20 ತೆಗೆದಿಟ್ಟು 140ನ್ನು ಮಾತಿಗೆ ಕೊಟ್ಟಿತು. 2017ರಲ್ಲಿ ಅದು 280 ಆಯಿತು. 2023ರಲ್ಲಿ ಟ್ವಿಟರ್ ಎಂಬ ಹೆಸರೇ ಹೋಗಿ ಎಕ್ಸ್ ಆಯಿತು.

ಇಲ್ಲಿ ವಿದ್ಯಾರ್ಥಿಗಳಿಗೊಂದು ಸ್ವಾರಸ್ಯದ ಲೆಕ್ಕ. ಒಂದು ಎಸ್ಸೆಮ್ಮೆಸ್ಸಿನ ಚೀಲದಲ್ಲಿ ಹಿಡಿಸುವುದು 1120 ಬಿಟ್‌ಗಳು ಮಾತ್ರ. ಇಂಗ್ಲಿಷ್ ಅಕ್ಷರಕ್ಕೆ 7 ಬಿಟ್ ಸಾಕು, ಭಾಗಿಸಿದರೆ 160. ಕನ್ನಡಕ್ಕೆ ಒಂದೊಂದು ಚಿಹ್ನೆಗೂ 16 ಬಿಟ್ ಬೇಕು; ಭಾಗಿಸಿ ನೋಡಿ, 70. ಅದೂ ನಾವು ಬಾಯಲ್ಲಿ ಎಣಿಸುವ ಅಕ್ಷರವಲ್ಲ. 'ತೀರ್ಥಹಳ್ಳಿ' ನಮಗೆ ನಾಲ್ಕು ಅಕ್ಷರ. ಯಂತ್ರಕ್ಕೆ ಗುಣಿತದ ಗುರುತು, ಒತ್ತಿನ ಗುರುತು ಎಲ್ಲ ಬೇರೆ ಬೇರೆಯಾಗಿ ಹತ್ತು. 'ಹೊಸನಗರ' ಆರು, 'ಸಾಗರ' ನಾಲ್ಕು. ಸಾಗರದವರು ಪುಣ್ಯವಂತರು.

ಈಗ ಈ ವಾಕ್ಯವನ್ನು ಎಣಿಸಿ: 'ನಾಳೆ ತೀರ್ಥಹಳ್ಳಿ, ಹೊಸನಗರ, ಸಾಗರ ತಾಲ್ಲೂಕುಗಳ ಶಾಲೆಗಳಿಗೆ ರಜೆ'. ಖಾಲಿ ಜಾಗ, ಅಲ್ಪವಿರಾಮ ಸೇರಿ 54. ಚೀಲದಲ್ಲಿ ಇನ್ನೂ 16ರ ಜಾಗವಿದೆ. ಆದರೂ ಈ ಸಂದೇಶದಲ್ಲಿ ದೊಡ್ಡದೊಂದು ತಪ್ಪಿದೆ, ಅದು ಮೊದಲ ಪದದಲ್ಲೇ ಇದೆ. 'ನಾಳೆ' ಎಂದರೆ ಯಾವ ನಾಳೆ? ಇದನ್ನು ಯಾರೋ ಮುಂದಿನ ವರ್ಷ ಮತ್ತೆ ಕಳಿಸಿದರೆ ರಜೆ ಮತ್ತೆ ಜೀವ ತಳೆಯುತ್ತದೆ. 'ನಾಳೆ' ತೆಗೆದು '25-7-2025ರಂದು' ಎಂದು ಬರೆದರೂ ಒಟ್ಟು 63. ಆಗಲೂ 70ರ ಒಳಗೇ. ಜಾಗ ಇಲ್ಲವೆಂದು ದಿನಾಂಕ ಬಿಟ್ಟೆ ಎನ್ನುವ ನೆಪ ನಡೆಯುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಂತೂ ಜಾಗದ ಬರವೇ ಇಲ್ಲ. ಆದರೂ ದಿನಾಂಕ ಹಾಕುವವರು ಎಷ್ಟು ಮಂದಿ?

ನದಿಯ ಜೊತೆ ಸುದ್ದಿ

ದಿನಾಂಕವಿಲ್ಲದ ಸುದ್ದಿಗೆ ನಮ್ಮೂರಿನ ಪ್ರಸಿದ್ಧ ಉದಾಹರಣೆ ಜೋಗದ ವಿಡಿಯೊ. ಮಳೆಗಾಲ ಶುರುವಾದ ಎರಡನೇ ವಾರಕ್ಕೆ ಅದು ಬಂದೇ ಬರುತ್ತದೆ. ರಾಜ, ರಾಣಿ, ರೋರರ್, ರಾಕೆಟ್ ಯಾವುದೂ ಬೇರೆಯಾಗಿ ಕಾಣದಂತೆ ಬಂಡೆಯಿಡೀ ಬಿಳಿಯಾಗಿ ಧುಮುಕುವ ದೃಶ್ಯ. ಕೆಳಗೆ 'ಇಂದಿನ ಜೋಗ' ಎಂಬ ಒಕ್ಕಣೆ. ಬೆಂಗಳೂರಿನವರು ಅದನ್ನು ನೋಡಿ ರಾತ್ರಿಯಿಡೀ ಕಾರು ಓಡಿಸಿಕೊಂಡು ಬರುತ್ತಾರೆ. ಬಂದು ನೋಡಿದರೆ ಮಂಜಿನ ನಡುವೆ ನಾಲ್ಕು ತೆಳ್ಳಗಿನ ಧಾರೆ.

ನನ್ನ ಮಕ್ಕಳಿಗೆ, ಅಂದರೆ ತರಗತಿಯ ಮಕ್ಕಳಿಗೆ, ಇದನ್ನೇ ಒಂದು ಪ್ರಶ್ನೆಯಾಗಿ ಕೊಡುತ್ತೇನೆ. ವಿಡಿಯೊ ನಿಜವೋ ಸುಳ್ಳೋ ಎಂಬುದನ್ನು ಜೋಗಕ್ಕೆ ಹೋಗದೆ ಹೇಳಿ. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಹೊಸನಗರ ತಾಲ್ಲೂಕನ್ನು ಹಾದು ಸಾಗರ ತಾಲ್ಲೂಕಿನ ಲಿಂಗನಮಕ್ಕಿಯಲ್ಲಿ ಅಣೆಕಟ್ಟೆಗೆ ತಲೆಕೊಟ್ಟು ನಿಲ್ಲುತ್ತದೆ. ಜಲಾಶಯದ ಗರಿಷ್ಠ ಮಟ್ಟ ಸಮುದ್ರಮಟ್ಟದಿಂದ 1819 ಅಡಿ, ಹಿಡಿಯುವ ನೀರು ಸುಮಾರು 151 ಟಿಎಂಸಿ. 830 ಅಡಿಯ ಬಂಡೆ ಪೂರ್ತಿ ಬಿಳಿಯಾಗಬೇಕಾದರೆ ಈ ಅಣೆಕಟ್ಟೆ ತುಂಬಿ ಗೇಟು ತೆರೆಯಬೇಕು. ಹಾಗಾಗಿ ಆ ದಿನದ ಪತ್ರಿಕೆಯಲ್ಲಿ ಲಿಂಗನಮಕ್ಕಿಯ ಮಟ್ಟ ನೋಡಿ. 1780 ಎಂದಿದ್ದರೆ ವಿಡಿಯೊ ಹಳೆಯದು, ಮುಗಿಯಿತು. 2018, 2019, 2024ರಂಥ ವರ್ಷಗಳಲ್ಲಿ ಗೇಟು ತೆರೆದದ್ದುಂಟು. 2023ರ ಬರದಲ್ಲಿ ಜಲಾಶಯ ತುಂಬಲೇ ಇಲ್ಲ. ವಿಡಿಯೊ ಮಾತ್ರ ಆ ವರ್ಷವೂ ಓಡಾಡಿತು.

ಮಳೆಯ ಅಂಕಿಗಳೂ ಹೀಗೆಯೇ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆಗಳ ಹೆಸರಿನ ಮುಂದೆ ಒಂದು ಸಂಖ್ಯೆ ಬರುತ್ತದೆ. ಯಾವ ಹೊತ್ತಿನಿಂದ ಯಾವ ಹೊತ್ತಿಗೆ, ಮಿಲಿಮೀಟರೋ ಸೆಂಟಿಮೀಟರೋ ಎಂಬುದು ಇರುವುದಿಲ್ಲ. ಹವಾಮಾನ ಇಲಾಖೆಯ ದಿನ ಮುಗಿಯುವುದು ಬೆಳಿಗ್ಗೆ ಎಂಟೂವರೆಗೆ. 24 ಗಂಟೆಯಲ್ಲಿ 204.4 ಮಿ.ಮೀ. ದಾಟುವ ಮಳೆಗೆ 'ರೆಡ್ ಅಲರ್ಟ್'. ಒಂದು ಮಿ.ಮೀ. ಮಳೆಯೆಂದರೆ ಒಂದು ಚದರ ಮೀಟರ್ ಜಾಗದಲ್ಲಿ ಒಂದು ಲೀಟರ್ ನೀರು. ಹಾಗಾದರೆ ರೆಡ್ ಅಲರ್ಟಿನ ದಿನ ನಿಮ್ಮ ಅಂಗಳದ ಪ್ರತಿ ಚದರ ಮೀಟರಿಗೂ ದೊಡ್ಡದೊಂದು ಡ್ರಮ್ಮಿನಷ್ಟು ನೀರು ಬೀಳುತ್ತದೆ. ಆ ಕಾಲುಸಂಕದ ಕೆಳಗಿನ ಹಳ್ಳಕ್ಕೆ ಎಷ್ಟು ಅಂಗಳ, ಎಷ್ಟು ಗುಡ್ಡ ಸೇರುತ್ತದೆ, ನೀವೇ ಲೆಕ್ಕ ಹಾಕಿ.

ಬಿಟ್ಟುಹೋದ ಸಾಲು

ಪೇಟೆ ಧಾರಣೆಯ ಸಂದೇಶ ಬೆಳೆಗಾರನಿಗೆ ನಿಜವಾದ ಉಪಕಾರ. ಹಿಂದೆ ಭದ್ರಾವತಿ ಆಕಾಶವಾಣಿಯ ಮುಂದೆ ಕಿವಿಯಿಟ್ಟು ಕೂರಬೇಕಿತ್ತು, ಇಲ್ಲವೆ ಮಂಡಿಗೆ ಹೋದವರು ಬರುವವರೆಗೆ ಕಾಯಬೇಕಿತ್ತು. ಈಗ ಸಾಗರದ ಹರಾಜು ಮುಗಿದ ಕೆಲವೇ ಹೊತ್ತಿನಲ್ಲಿ ಅಂಕಿ ಜೇಬಿಗೆ ಬರುತ್ತದೆ. ಆದರೆ 'ಅಡಿಕೆ ಏರಿತು' ಎಂದಷ್ಟೇ ಬಂದರೆ ಏನು ತಿಳಿದಂತಾಯಿತು? ಸಾಗರದಲ್ಲಿ ರಾಶಿ, ಚಾಲಿ, ಕೋಕಾ, ಬಿಳೆಗೋಟು, ಕೆಂಪುಗೋಟು, ಸಿಪ್ಪೆಗೋಟು. ತೀರ್ಥಹಳ್ಳಿಯಲ್ಲಿ ಸರಕು, ಬೆಟ್ಟೆ, ಇಡಿ, ಗೊರಬಲು. ಸರಕಿನ ಬೆಲೆ ನೋಡಿ ಗೊರಬಲಿನ ಮೂಟೆ ಹೊತ್ತವನ ಮುಖ ಹೇಗಿರುತ್ತದೆಂದು ಮಂಡಿಯ ಬಾಗಿಲಲ್ಲಿ ನಿಂತರೆ ಗೊತ್ತಾಗುತ್ತದೆ. ಸಂದೇಶದಲ್ಲಿ ಬರುವುದು ಸಾಮಾನ್ಯವಾಗಿ ಗರಿಷ್ಠ ಬೆಲೆ; ಅದು ಒಂದೇ ಒಂದು ಲಾಟಿಗೆ ಸಿಕ್ಕಿದ್ದಿರಬಹುದು. ಎಪಿಎಂಸಿಯ ವರದಿಯಲ್ಲಿ ಕನಿಷ್ಠ, ಗರಿಷ್ಠಗಳ ಜೊತೆ ಮೂರನೆಯದೊಂದು ಅಂಕಿಯೂ ಇರುತ್ತದೆ, ಹೆಚ್ಚಿನ ಮಾಲು ಮಾರಾಟವಾದ ಬೆಲೆ. ಹತ್ತನೇ ತರಗತಿಯ ಗಣಿತದಲ್ಲಿ 'ಬಹುಲಕ' ಎಂದು ಕಲಿಯುತ್ತೀರಲ್ಲ, ಅದೇ. ಮನೆಯಲ್ಲಿ ಅಪ್ಪಯ್ಯನಿಗೆ ಹೇಳಬೇಕಾದ ಅಂಕಿ ಅದು.

ಇದಕ್ಕಿಂತ ದುಬಾರಿಯಾಗುವುದು ಔಷಧಿಯ ಸಂದೇಶ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ 'ಮೈಲುತುತ್ತ 1 ಕೆ.ಜಿ., ಸುಣ್ಣ 1 ಕೆ.ಜಿ., ನೀರು 100 ಲೀಟರ್' ಎಂಬ ಒಂದು ಗೆರೆ ಎಲ್ಲ ಗುಂಪುಗಳಲ್ಲೂ ಸುತ್ತುತ್ತದೆ. ಅಂಕಿ ಸರಿಯಾಗಿಯೇ ಇದೆ. ಬಿಟ್ಟುಹೋದದ್ದು ಕ್ರಮ. ಎರಡನ್ನೂ ಬೇರೆ ಬೇರೆ ನೀರಿನಲ್ಲಿ ಕರಗಿಸಬೇಕು. ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕು, ಸುಣ್ಣವನ್ನು ತುತ್ತಕ್ಕಲ್ಲ. ಕಬ್ಬಿಣದ ಪಾತ್ರೆ ಕೂಡದು. ಕೊನೆಗೆ ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಅದ್ದಿ ನೋಡಬೇಕು. ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಎಂದರ್ಥ. ಕಬ್ಬಿಣ ತಾಮ್ರವನ್ನು ಸ್ಥಾನಪಲ್ಲಟಗೊಳಿಸುವ ಪ್ರಯೋಗವನ್ನು ಪಾಠದಲ್ಲಿ ಮಾಡಿದ್ದೀರಿ. ಅಪ್ಪಯ್ಯನ ಡ್ರಮ್ಮಿನಲ್ಲಿ ನಡೆಯುವುದೂ ಅದೇ. ಹಾಗೆ ಉಳಿದ ತಾಮ್ರ ಎಳೆಯ ಕಾಯಿಯನ್ನೂ ಎಲೆಯನ್ನೂ ಸುಡಬಲ್ಲದು. ಒಂದು ಗೆರೆಯ ಸಂದೇಶದಲ್ಲಿ ಈ ಚಾಕು ಇರುವುದೇ ಇಲ್ಲ. ಈಚಿನ ವರ್ಷಗಳಲ್ಲಿ ಎಲೆಚುಕ್ಕೆ ರೋಗ ಹೊಸನಗರ, ತೀರ್ಥಹಳ್ಳಿಯ ತೋಟಗಳನ್ನು ಒಣಗಿಸುತ್ತಿರುವಾಗ ಕಂಗೆಟ್ಟವರು ಯಾರು ಏನು ಕಳಿಸಿದರೂ ಹೊಡೆಯುತ್ತಾರೆ. ಬಂದ ಸಂದೇಶವನ್ನು ತೋಟಗಾರಿಕೆ ಇಲಾಖೆಯವರಿಗೆ ತೋರಿಸಿ ಕೇಳಲು ಒಂದು ಫೋನು ಸಾಕು.

ಮಾರುವವರಿಗೂ ಎರಡು ಮಾತು. ಅಪ್ಪೆಮಿಡಿಯಂಥ ಸರಕಿಗೆ ಚುಟುಕು ಸಂದೇಶಕ್ಕಿಂತ ಒಳ್ಳೆಯ ಸಂತೆ ಇನ್ನೊಂದಿಲ್ಲ. ಕೊಯ್ದ ಮಿಡಿಯನ್ನು ಬೇಗ ಉಪ್ಪಿಗೆ ಹಾಕಬೇಕು. ಕಾಯುವ ಮಾಲಲ್ಲ ಅದು. ರಿಪ್ಪನ್‌ಪೇಟೆಗೆ ಮಿಡಿ ಬಂದಿದೆ ಎಂಬ ಸುದ್ದಿಗೆ ಬೆಲೆಯಿರುವುದು ಅಂದೇ. ನಮ್ಮ ಕಡೆಯ ಎಷ್ಟೋ ಹೆಂಗಸರು ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲವನ್ನು ವಾಟ್ಸ್‌ಆ್ಯಪ್ ಸ್ಟೇಟಸ್‌ನಲ್ಲಿ ಹಾಕಿ ಅಂಗಡಿಯ ಕಮಿಷನ್ ಇಲ್ಲದೆ ಮಾರುತ್ತಿದ್ದಾರೆ, ಸಂತೋಷ. ಆದರೆ ತೂಕ, ಬೆಲೆ, ತಯಾರಿಸಿದ ದಿನ, ಅಂಚೆ ವೆಚ್ಚ ನಾಲ್ಕನ್ನೂ ಬರೆಯಿರಿ. ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿಯೂ ಇರಲಿ. 'ಬೆಲೆಗೆ ಕರೆ ಮಾಡಿ' ಎಂದು ಬರೆದರೆ ನಾನಂತೂ ಕರೆ ಮಾಡುವುದಿಲ್ಲ.

ಕೈ ಬೆರಳ ಸುಲಭ

ಪದಕ್ಕೆ ದುಡ್ಡಿದ್ದಾಗ ಯೋಚಿಸುತ್ತಿದ್ದೆವು. ಪುಕ್ಕಟೆಯಾದಾಗ ಏನಾಯಿತು ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ಕಹಿ ಉದಾಹರಣೆಯಿದೆ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿಗೆ ಹೈದರಾಬಾದಿನಿಂದ ಬಂದಿದ್ದ ಸ್ನೇಹಿತರು ಮಕ್ಕಳಿಗೆ ಚಾಕೊಲೇಟ್ ಕೊಟ್ಟರು. ಮಕ್ಕಳ ಕಳ್ಳರೆಂಬ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ವೇಗವಾಗಿ ಓಡಿತು. ಮುರ್ಕಿ ಗ್ರಾಮದಲ್ಲಿ ಜನ ಕಾರು ತಡೆದು ಹೊಡೆದರು. ಒಬ್ಬ ತರುಣ ಎಂಜಿನಿಯರ್ ಸತ್ತ. ದೇಶದ ಬೇರೆ ಕಡೆಯೂ ಹೀಗಾದ ಮೇಲೆ ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ದಾಟಿಸುವಂತೆ ಮಿತಿ ಹಾಕಿತು. ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಎರಡು ಬಾಣದ ಗುರುತು ಬೀಳುತ್ತದೆ, 2020ರಿಂದ ಅದನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಎರಡು ಬಾಣ ಕಂಡರೆ ಕಳಿಸಿದವರು ಬರೆದವರಲ್ಲ ಎಂದು ತಿಳಿಯಿರಿ. ಕಳಿಸಿದವರು ನಿಮ್ಮ ಮೇಷ್ಟ್ರೇ ಆಗಿದ್ದರೂ.

2023ರ ಅಕ್ಟೋಬರ್ 12ರಂದು ರಾಜ್ಯದ ಮೊಬೈಲ್‌ಗಳೆಲ್ಲ ಒಮ್ಮೆಲೆ ವಿಚಿತ್ರವಾಗಿ ಕೂಗಿದ್ದು ನೆನಪಿರಬಹುದು. ತುರ್ತು ಎಚ್ಚರಿಕೆಯ ಪರೀಕ್ಷೆ ಅದು. ಎಸ್ಸೆಮ್ಮೆಸ್ ಒಬ್ಬೊಬ್ಬರ ವಿಳಾಸ ಹುಡುಕಿಕೊಂಡು ಹೋಗುವ ಅಂಚೆಯಾದರೆ ಇದು ಡಂಗುರ. ಟವರ್ ಕೂಗುತ್ತದೆ, ಸುತ್ತಲಿನ ಫೋನುಗಳೆಲ್ಲ ಕೇಳುತ್ತವೆ, ನಂಬರೂ ಬೇಡ, ಇಂಟರ್‌ನೆಟ್ಟೂ ಬೇಡ. ಒಳ್ಳೆಯ ಏರ್ಪಾಡು. ಆದರೆ ಟವರ್ ಬೇಕು. ಶರಾವತಿ ಹಿನ್ನೀರಿನ ಊರುಗಳಿಗೆ 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಬಂತು. ಲಾಂಚ್ ಇದೆಯೋ ಇಲ್ಲವೋ ಎಂದು ಕೇಳುವ ಸಂದೇಶ ತಪ್ಪಿತು. ಸಿಗ್ನಲ್ಲಿಗಾಗಿ ಗುಡ್ಡ ಹತ್ತುವುದು ಎಲ್ಲ ಊರಿಗೂ ಇನ್ನೂ ತಪ್ಪಿಲ್ಲ.

ಆ ಮಳೆಯ ದಿನದ ಮರುವಾರ ನಾನು ಗುಂಪಿನ ಹೆಸರುಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದು, ಮನೆಯಲ್ಲಿ ಸಿಗ್ನಲ್ ಇಲ್ಲದವರ ಮುಂದೆ ಗುರುತು ಹಾಕಿದೆ. ಹನ್ನೊಂದು ಮನೆ. ಐದು ಮನೆಗೆ ಹತ್ತಿರದಲ್ಲಿ ಸ್ಥಿರ ದೂರವಾಣಿ ಇರುವವರು ಸಿಕ್ಕರು. ನಾಲ್ಕು ಮನೆಗೆ ಬೆಳಿಗ್ಗೆ ಡೇರಿಗೆ ಹಾಲು ತರುವವರ ಕೈಲಿ ಹೇಳಿಕಳಿಸುವ ಏರ್ಪಾಡಾಯಿತು. ಉಳಿದ ಎರಡು ಮನೆ ಹಳ್ಳದಾಚೆಯವು. ಅವರಿಗೆ ರಜೆಯ ಸುದ್ದಿ ಮುಟ್ಟಿಸುವ ಬದಲು, ಸಂಕಕ್ಕೆ ಒಂದು ಗೇಣು ಕೆಳಗೆ ಕಂಬಕ್ಕೆ ಕೆಂಪು ಬಣ್ಣದ ಗೆರೆ ಎಳೆದೆವು. ಗೆರೆ ಮುಳುಗಿದರೆ ಶಾಲೆ ಇದ್ದರೂ ಬರಬೇಡಿ ಎಂದು ಹೇಳಿದ್ದಾಯಿತು. ಆ ಹುಡುಗಿಯೇ ಬಣ್ಣದ ಡಬ್ಬಿ ಹಿಡಿದುಕೊಂಡು ನಿಂತಿದ್ದಳು.

ಆಮೇಲಿನ ಮಳೆಗಾಲದಲ್ಲಿ ಅಕ್ಕ ತಮ್ಮ ಇಬ್ಬರ ಹಾಜರಿ ಆರು ದಿನ ಕಡಿಮೆ ಬಿತ್ತು. ಅದರಲ್ಲಿ ಎರಡು ದಿನ ಸರ್ಕಾರಿ ರಜೆ ಇರಲಿಲ್ಲ. ಹಾಜರಿ ಪುಸ್ತಕದಲ್ಲಿ ಕಾರಣದ ಜಾಗದಲ್ಲಿ 'ಗೆರೆ' ಎಂದು ಬರೆದೆ. ತಪಾಸಣೆಗೆ ಬಂದವರು ಅದೇನೆಂದು ಕೇಳಿದರು; ಕರೆದುಕೊಂಡು ಹೋಗಿ ತೋರಿಸಿದೆ.