ಗೃಹಚಿತ್ರಮಂದಿರದ ಪ್ರೊಜೆಕ್ಟರು: ರಚನೆ, ನಿಯಂತ್ರಣ, ಜೋಡಣೆ

ದೀಪದ ಬೆಳಕನ್ನು ಮಸೂರದ ಮೂಲಕ ಹಾಯಿಸಿ ಗೋಡೆಯ ಮೇಲೆ ಚಿತ್ರ ಮೂಡಿಸುವ ವಿದ್ಯೆ ಹೊಸದಲ್ಲ. ಡಚ್ ವಿಜ್ಞಾನಿ ಕ್ರಿಸ್ಟಿಯಾನ್ ಹೈಗನ್ಸನು 1659ರಲ್ಲಿಯೇ ಇಂಥ ಮಾಯಾದೀಪಕ್ಕೆ ಬೇಕಾದ ಚಿತ್ರಗಳನ್ನು ಬರೆದಿಟ್ಟಿದ್ದನು. ದೀಪ, ಚಿತ್ರ, ಮಸೂರ ಎಂಬ ಮೂರು ಅಂಗಗಳು ಅಂದೂ ಇದ್ದವು; ಇಂದಿನ ಯಂತ್ರದಲ್ಲಿಯೂ ಇವೆ. ಆದರೆ ಅಂದಿನ ದೀಪವನ್ನು ನೋಡಿದವನಿಗೆ ಅದರ ಕೆಲಸ ಕಣ್ಣಿಗೆ ಕಾಣುತ್ತಿತ್ತು. ಇಂದಿನದು ಮುಚ್ಚಿದ ಪೆಟ್ಟಿಗೆ. ಮನೆಗಾಗಿ ಇದನ್ನು ಕೊಳ್ಳುವವರೂ ಶಾಲೆಗೆ ದಾಸೋಹಭಾವದಿಂದ ಅರ್ಪಿಸುವವರೂ ಬೆಲೆಪಟ್ಟಿಯ ಅಂಕಿಗಳನ್ನು ಓದುತ್ತಾರೆಯೇ ಹೊರತು ಪೆಟ್ಟಿಗೆಯನ್ನು ಓದುವುದಿಲ್ಲ. ಕೋಣೆಗೆ ಒಗ್ಗದ ಯಂತ್ರವು ಕಪಾಟು ಸೇರಿ ಧೂಳು ಹಿಡಿಯುವುದು ಇದರಿಂದಲೇ.

ಉದಾಹರಣೆಗೆ ಎಪ್ಸನ್ ಕಂಪನಿಯು 2019ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದ ‘ಹೋಮ್ ಸಿನಿಮಾ 5050ಯುಬಿ’ ಎಂಬ ಯಂತ್ರವನ್ನು ತೆಗೆದುಕೊಳ್ಳಬಹುದು. ತೂಕ ಸುಮಾರು 11 ಕಿಲೋಗ್ರಾಂ. ಮುಂಭಾಗದ ನಡುವೆ ದೊಡ್ಡ ಮಸೂರ. ಒಳಗೆ 250 ವ್ಯಾಟ್ ದೀಪದ ಬಿಳಿಯ ಬೆಳಕನ್ನು ವಿಶೇಷ ಕನ್ನಡಿಗಳು ಕೆಂಪು, ಹಸಿರು, ನೀಲಿ ಎಂದು ಬೇರ್ಪಡಿಸುತ್ತವೆ. ಒಂದೊಂದು ಬಣ್ಣವೂ ಅಂಚೆಚೀಟಿಗಿಂತ ಚಿಕ್ಕದಾದ ಒಂದೊಂದು ದ್ರವಸ್ಫಟಿಕ ಫಲಕವನ್ನು ಹಾದು, ಪಟ್ಟಕದಲ್ಲಿ ಮತ್ತೆ ಕೂಡಿಕೊಂಡು ಮಸೂರಕ್ಕೆ ಬರುತ್ತದೆ. ಇನ್ನೊಂದು ಬಗೆಯ ಯಂತ್ರಗಳಲ್ಲಿ ಫಲಕಕ್ಕೆ ಬದಲಾಗಿ ಲಕ್ಷಾಂತರ ಸೂಕ್ಷ್ಮ ಕನ್ನಡಿಗಳು ಓಲಾಡುತ್ತವೆ. ಅಮೆರಿಕದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಲ್ಯಾರಿ ಹಾರ್ನ್‌ಬೆಕ್ 1987ರಲ್ಲಿ ಕಂಡುಹಿಡಿದ ಕ್ರಮವಿದು.

ಕೊಳ್ಳುವವನು ಮೊದಲು ವಿಚಾರಿಸಬೇಕಾದುದು ಮಸೂರವನ್ನು. ಪರದೆಗೂ ಯಂತ್ರಕ್ಕೂ ಇರುವ ದೂರವನ್ನು ಚಿತ್ರದ ಅಗಲದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಆ ಮಸೂರದ ಗುಣ. ಮೇಲಿನ ಯಂತ್ರದಲ್ಲಿ ಇದು 1.35ರಿಂದ 2.84ರವರೆಗೆ ಬದಲಾಗಬಲ್ಲದು. ಕರ್ಣ 100 ಅಂಗುಲವಿರುವ ಅಗಲ ಪರದೆಯ ಅಡ್ಡಳತೆ ಸುಮಾರು 2.21 ಮೀಟರು, ಆದುದರಿಂದ ಯಂತ್ರವನ್ನು 3 ಮೀಟರಿನಿಂದ 6 ಮೀಟರಿಗೂ ತುಸು ಆಚೆಯವರೆಗೆ ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಅಗ್ಗದ ಯಂತ್ರಗಳಿಗೆ ಇಷ್ಟು ಸ್ವಾತಂತ್ರ್ಯವಿಲ್ಲ. ಕೊಕ್ಕೆಯನ್ನು ಮಾಡಿಗೆ ಬಿಗಿದು, ಗಿಲಾವು ಮುಗಿಸಿ, ಆಮೇಲೆ ಚಿತ್ರವು ಪರದೆಯನ್ನು ಮೀರಿ ಗೋಡೆಗೆ ಹರಡುವುದನ್ನು ಕಂಡು ತಲೆಯ ಮೇಲೆ ಕೈಹೊತ್ತು ಕೂರುವವರಿದ್ದಾರೆ. ಅಳತೆಪಟ್ಟಿ ಮೊದಲು, ಯಂತ್ರ ಅನಂತರ.

ಯಂತ್ರವನ್ನು ಕದಲಿಸದೆ ಚಿತ್ರವನ್ನು ಮಾತ್ರ ಸರಿಸುವ ಏರ್ಪಾಡು ಇನ್ನೊಂದು. ಇಲ್ಲಿ ಮಸೂರವೇ ಒಳಗೆ ಜರುಗುತ್ತದೆ. ಮೇಲಿನ ಯಂತ್ರದಲ್ಲಿ ಚಿತ್ರವನ್ನು ಅದರ ಎತ್ತರದ ಶೇಕಡಾ 96ರಷ್ಟು ಮೇಲಕ್ಕೋ ಕೆಳಕ್ಕೋ, ಅಗಲದ ಶೇಕಡಾ 47ರಷ್ಟು ಎಡಬಲಕ್ಕೋ ಸರಿಸಬಹುದು. ಎರಡೂ ದಿಕ್ಕುಗಳಲ್ಲಿ ಒಮ್ಮೆಗೇ ಪೂರ್ತಿಯಾಗಿ ಸರಿಸಲಾಗದು. ಈ ಸೌಲಭ್ಯವಿಲ್ಲದ ಯಂತ್ರಗಳನ್ನು ಓರೆಯಾಗಿ ಇಟ್ಟು, ‘ಕೀಸ್ಟೋನ್’ ಗುಂಡಿಯಿಂದ ಚಿತ್ರವನ್ನು ಚೌಕಕ್ಕೆ ತರುತ್ತಾರೆ. ಕಣ್ಣಿಗೆ ಎರಡೂ ಒಂದೇ ಎನಿಸುತ್ತದೆ, ಆದರೆ ಒಂದೇ ಅಲ್ಲ. ಕೀಸ್ಟೋನ್ ಕ್ರಮದಲ್ಲಿ ಚಿತ್ರವನ್ನು ಕುಗ್ಗಿಸಿ, ಫಲಕದ ಒಂದಷ್ಟು ಬಿಂದುಗಳನ್ನು ವ್ಯರ್ಥವಾಗಿ ಬಿಡಲಾಗುತ್ತದೆ. ಸಣ್ಣ ಅಕ್ಷರಗಳ ಅಂಚು ಮಸುಕಾಗುತ್ತದೆ. ಚಲನಚಿತ್ರಕ್ಕೆ ಇದು ನಡೆದೀತು. ಪಾಠದ ಕೋಷ್ಟಕ ಓದಬೇಕಾದ ಹುಡುಗನಿಗೆ ನಡೆಯದು.

ಬೆಳಕಿನ ವಿಷಯದಲ್ಲಿ ತಪ್ಪು ತಿಳಿವಳಿಕೆ ಇನ್ನೂ ಹೆಚ್ಚು. ಪ್ರೊಜೆಕ್ಟರು ಬೆಳಕನ್ನು ಎಸೆಯಬಲ್ಲದು, ಕತ್ತಲೆಯನ್ನು ಎಸೆಯಲಾರದು. ಚಿತ್ರದಲ್ಲಿ ಕಪ್ಪಾಗಿ ಕಾಣಬೇಕಾದ ಭಾಗವೆಂದರೆ ಬೆಳಕು ಬೀಳದ ಪರದೆಯೇ. ಕಿಟಕಿಯ ಬಿಸಿಲು ಅದರ ಮೇಲೆ ಬಿದ್ದರೆ ಕಪ್ಪು ಬೂದಿಯಾಗುತ್ತದೆ. ಮೇಲಿನ ಯಂತ್ರದ ಬೆಳಕು 2600 ಲ್ಯುಮೆನ್. ಬಾಗಿಲು ಮುಚ್ಚಿದ ಮನೆಯ ಕೋಣೆಯಲ್ಲಿ ಅದು ಧಾರಾಳ. ಆದರೆ ಅದೇ ಯಂತ್ರವನ್ನು ಸಭಾಭವನಕ್ಕೆ ಒಯ್ದು ಚಿತ್ರದ ಅಗಲವನ್ನು ಇಮ್ಮಡಿಸಿದರೆ ವಿಸ್ತೀರ್ಣ ನಾಲ್ಮಡಿಯಾಗಿ, ಪ್ರತಿಯೊಂದು ಚದರಡಿಗೆ ದೊರೆಯುವ ಬೆಳಕು ಕಾಲುಭಾಗಕ್ಕೆ ಇಳಿಯುತ್ತದೆ. ಮನೆಗೆ ಉತ್ತಮವಾದದ್ದೆಂದು ಹೆಚ್ಚು ಬೆಲೆ ತೆತ್ತು ತಂದ ಯಂತ್ರ ಹಗಲಿನ ಭವನದಲ್ಲಿ ಮಂಕಾಗುವುದು ಯಂತ್ರದ ದೋಷವಲ್ಲ. ದಾನಿಗಳು ದಪ್ಪ ಪರದೆಬಟ್ಟೆಗೂ ಒಂದಿಷ್ಟು ಹಣ ಎತ್ತಿಟ್ಟರೆ ಹೆಚ್ಚು ಪ್ರಯೋಜನ.

ನಿಯಂತ್ರಣದ ಗುಂಡಿಗಳ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಯಂತ್ರದ ಮೈಮೇಲೆ ಕೆಲವು, ರಿಮೋಟಿನಲ್ಲಿ ಎಲ್ಲವೂ. ದೀಪವನ್ನು ಮಿತವ್ಯಯದ ಕ್ರಮದಲ್ಲಿ ಇಟ್ಟರೆ 5000 ಗಂಟೆ, ಪೂರ್ಣ ಪ್ರಭೆಯಲ್ಲಿ 3500 ಗಂಟೆ ಬಾಳುವುದೆಂದು ತಯಾರಕರ ಅಂದಾಜು.

ಜೋಡಣೆಯ ಕಿಂಡಿಗಳೆಲ್ಲ ಹಿಂಬದಿಯಲ್ಲಿವೆ. ಚಿತ್ರ ಬರುವುದು ಎರಡು ಎಚ್‌ಡಿಎಂಐ ಕಿಂಡಿಗಳಿಂದ. ಹಳೆಯ ಗಣಕಕ್ಕೆ ಬೇರೊಂದು ಕಿಂಡಿಯುಂಟು. ದೂರ ಹೆಚ್ಚಾದಂತೆ ತಾಮ್ರದ ಕೇಬಲ್ಲು ಸೂಕ್ಷ್ಮ ಚಿತ್ರವನ್ನು ಹೊರಲಾರದಾಗುತ್ತದೆ. ಆಗ ಗಾಜಿನ ಎಳೆಯ ಕೇಬಲ್ಲು ಬೇಕು. ಅದಕ್ಕೆ ಒಂದು ತುದಿ ಯಂತ್ರಕ್ಕೆ, ಇನ್ನೊಂದು ಚಿತ್ರಮೂಲಕ್ಕೆ ಎಂದು ಗೊತ್ತಾದ ದಿಕ್ಕುಂಟು. ತಿರುವುಮುರುವಾಗಿ ಎಳೆದರೆ ಚಿತ್ರವೇ ಬಾರದು. ಗೋಡೆಯಲ್ಲಿ ಹುದುಗಿಸುವ ಕೊಳವೆಯೊಳಗೆ ಕೇಬಲ್ಲಿನ ಗಂಟು ತೂರುವಷ್ಟು ಜಾಗವಿದೆಯೇ ಎಂಬುದನ್ನು ಗಾರೆ ಕೆಲಸಕ್ಕೆ ಮುಂಚೆಯೇ ನೋಡಬೇಕು. 12 ವೋಲ್ಟಿನ ಚಿಕ್ಕ ಕಿಂಡಿಯೊಂದು ಯಂತ್ರ ಹೊತ್ತಿಕೊಂಡೊಡನೆ ಪರದೆಗೆ ಇಳಿಯಲು ಸನ್ನೆ ಕೊಡುತ್ತದೆ. ಅದು ಸನ್ನೆ ಮಾತ್ರ. ಪರದೆಯ ಮೋಟಾರಿಗೆ ಬೇರೆ ವಿದ್ಯುತ್ ಬೇಕು. ಧ್ವನಿವರ್ಧಕವಂತೂ ಈ ಯಂತ್ರದಲ್ಲಿ ಇಲ್ಲವೇ ಇಲ್ಲ. ಧ್ವನಿಯನ್ನು ಬೇರೆ ಆಂಪ್ಲಿಫೈಯರಿಗೆ ಮೊದಲು ಒಯ್ದು, ಅಲ್ಲಿಂದ ಚಿತ್ರವನ್ನಷ್ಟೇ ಯಂತ್ರಕ್ಕೆ ಕಳುಹಿಸುವುದು ವಾಡಿಕೆ. ಇದನ್ನು ತಿಳಿಯದೆ ಪ್ರಾರಂಭೋತ್ಸವದ ದಿನ ಮೂಕಿಚಿತ್ರ ತೋರಿಸಬೇಕಾದೀತು.

ಕಾದ ದೀಪವನ್ನು ತಣಿಸಲು ಯಂತ್ರವು ಗಾಳಿಯನ್ನು ಜಾಲರಿಯ ಮೂಲಕ ಒಳಗೆಳೆದು ಹೊರಗೆ ಬಿಡುತ್ತದೆ. ಆ ಕಿಂಡಿಗಳಿಗೆ ಗೋಡೆಯಾಗಲಿ ಬಟ್ಟೆಯಾಗಲಿ ಅಡ್ಡಬರಬಾರದು. ಸುಣ್ಣದ ಪುಡಿ ಉದುರುವ ಕೋಣೆಯಲ್ಲಿ ಜಾಲರಿ ಬೇಗನೆ ಕಟ್ಟಿಕೊಳ್ಳುತ್ತದೆ. ಅದನ್ನು ಕಾಲಕಾಲಕ್ಕೆ ಶುಚಿಮಾಡಬೇಕು. ಥಟ್ಟನೆ ವಿದ್ಯುತ್ ನಿಂತರೂ ತಾಳಿಕೊಳ್ಳುವ ರಚನೆ ಕೆಲವು ಯಂತ್ರಗಳಿಗಿದ್ದರೂ, ಬೆಳಕು ಪದೇಪದೇ ಹೋಗುವ ಊರುಗಳಲ್ಲಿ ಯಂತ್ರಕ್ಕೆ ಯುಪಿಎಸ್ ಜೋಡಿಸುವುದು ಒಳ್ಳೆಯದು. ಗುಂಡಿಯೊತ್ತಿ ಆರಿಸಿ, ಫ್ಯಾನು ತಾನಾಗಿ ನಿಂತ ಬಳಿಕವೇ ಗೋಡೆಯ ಸ್ವಿಚ್ಚಿಗೆ ಕೈಹಾಕಬೇಕು.