ಆಫ್ರಿಕದ ಸಿಕ್ಲಿಡ್ ಮೀನುಗಳಿಗೆ ತಕ್ಕ ಜೊತೆ

ಪೂರ್ವ ಆಫ್ರಿಕದ ಮಲಾವಿ ಸರೋವರದ ಬಂಡೆಗಳಲ್ಲಿ ವಾಸಿಸುವ ಎಂಬೂನಾ ಎಂಬ ಸಿಕ್ಲಿಡ್ ಮೀನುಗಳನ್ನು ಪಡಸಾಲೆಯ ಗಾಜಿನ ತೊಟ್ಟಿಯಲ್ಲಿ ಸಾಕುವ ಮಹನೀಯರು ಬಣ್ಣವೊಂದನ್ನೇ ನೋಡಿ ಜೊತೆಯನ್ನು ಆರಿಸಕೂಡದು. ಇವುಗಳಿಗೆ ಕ್ಷಾರಗುಣವುಳ್ಳ ಗಡಸು ನೀರು ಬೇಕು. ಅಮೆಜಾನಿನ ಮೆದು ನೀರಿನ ಏಂಜೆಲ್ ಮೀನು ಇವುಗಳೊಡನೆ ಬಾಳದು. ಪಾಚಿಯನ್ನು ಕೆರೆದು ತಿನ್ನುವ ಇವುಗಳಿಗೆ ಮಾಂಸಾಹಾರಿ ಮೀನಿನ ಮೇವು ಸಲ್ಲದು, ಹೊಟ್ಟೆಯುಬ್ಬರದಿಂದ ಸಾಯುವುದುಂಟು. ಒಂದೇ ಬಣ್ಣದ ಗಂಡುಗಳು ಕೊಲ್ಲುವವರೆಗೂ ಕಾದಾಡಬಲ್ಲುವು. ಒಂದು ಗಂಡಿಗೆ ಮೂರು ನಾಲ್ಕು ಹೆಣ್ಣುಗಳಿದ್ದರೆ ಲೇಸು. ಗಂಡಿನ ಕಾಟವು ಹಂಚಿಹೋಗುವುದು. ತಳದಲ್ಲಿ ಸಂಚರಿಸುವ ಸಿನೊಡಾಂಟಿಸ್ ಎಂಬ ಆಫ್ರಿಕದ ಮೀಸೆಮೀನು ಒಳ್ಳೆಯ ಸಂಗಾತಿ.

ಹೆಚ್ಚಿದ ಮರಿಗಳನ್ನು ಊರ ಕೆರೆಗೆ ಸರ್ವಥಾ ಬಿಡತಕ್ಕದ್ದಲ್ಲ. ಇದೇ ಕುಟುಂಬದ ತಿಲಾಪಿಯಾ 1952ರಲ್ಲಿ ಭಾರತಕ್ಕೆ ಬಂದು, ಮಿತಿಮೀರಿ ಹೆಚ್ಚಿ, ಅನೇಕ ಕೆರೆಗಳಲ್ಲಿ ನಾಡಮೀನುಗಳ ಆಹಾರಕ್ಕೂ ಠಾವಿಗೂ ಪೈಪೋಟಿಯೊಡ್ಡಿರುವುದನ್ನು ಕೆರೆಯುಳ್ಳ ಗ್ರಾಮಗಳ ಯಜಮಾನರು ಬಲ್ಲರು.